ತಿಳಿಗೆಂಪಿನೊಳಗಣ ಕಾವು



ಕೆಂಪು ವೈನಿಗೆ ಒದಗುವ ದ್ರಾಕ್ಷಿಯ ತಳಿಗಳಲ್ಲಿ ಕೆಲವಕ್ಕೆ ಮೊದಲಿನಿಂದಲೂ ಅರಮನೆಯ ಮರ್ಯಾದೆ ಸಲ್ಲುತ್ತ ಬಂದಿದೆ. ಬೋರ್ಡೋ ಪ್ರಾಂತದ ಕೆಬರ್ನೆ ಸೊವಿನ್ಯೋಂ, ಬರ್ಗಂಡಿಯ ಪಿನೋ ನ್ವಾರ್ ಇವುಗಳ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ, ವೈನನ್ನು ಕಣ್ಣಿನಿಂದಲೂ ಕಾಣದವರು ಕೂಡ ಗೌರವದಿಂದ ತಲೆದೂಗುವುದುಂಟು. ಆದರೆ ಫ್ರಾನ್ಸಿನ ದಕ್ಷಿಣ ಭಾಗದಲ್ಲಿಯೂ ಸ್ಪೇನಿನ ಒಣನಾಡುಗಳಲ್ಲಿಯೂ ಶತಮಾನಗಳಿಂದ ಬೆಳೆಯುತ್ತ, ಬಿಸಿಲಿಗೆ ಬಾಡದೆ, ಗಾಳಿಗೆ ಬಾಗದೆ, ಹೊಲದಲ್ಲಿ ದುಡಿಯುವ ಸಾಮಾನ್ಯ ಜನರ ಊಟದ ಬಟ್ಟಲನ್ನು ತುಂಬುತ್ತ ಬಂದ ಗ್ರೆನಾಶ್ ಎಂಬ ತಳಿಗೆ ಆ ಮರ್ಯಾದೆ ಬಹುಕಾಲ ದೊರೆಯಲಿಲ್ಲ. ಉತ್ತರದ ತೆಳುವಾದ ವೈನುಗಳಿಗೆ ಬಲವನ್ನು ಕೂಡಿಸಲು ಬೆರಕೆಯ ಸರಕಾಗಿ, ಹೆಸರಿಲ್ಲದ ಆಳಾಗಿ, ಪೀಪಾಯಿಗಳಲ್ಲಿ ತುಂಬಿ ಹೋಗುವುದೇ ಅದರ ಹಣೆಯಬರಹವಾಗಿದ್ದಿತು. ಈ ಹೊತ್ತು ಅಂಥ ಗ್ರೆನಾಶಿನ ವೈನನ್ನು ನೋಡುವ, ಮೂಸುವ ಮತ್ತು ಸವಿಯುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬಾನುಲಿಯಲ್ಲಿ ಮದ್ಯದ ಪ್ರಸ್ತಾಪವೆ ಎಂದು ಹುಬ್ಬೇರಿಸುವ ಹಿರಿಯರು ಇರಬಹುದು. ಅವರ ಆಕ್ಷೇಪಣೆಯನ್ನು ನಾನು ಹಗುರವಾಗಿ ಎಣಿಸುವವನಲ್ಲ. ಆದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು, ಗೀತ ನೃತ್ಯಗಳನ್ನು ವಿವೇಚಿಸುವಷ್ಟೇ ಶ್ರದ್ಧೆಯಿಂದ ಅನ್ನಭೋಗವನ್ನೂ ಪಾನೀಯಭೋಗವನ್ನೂ ವಿವರಿಸಿದೆಯೆಂಬುದನ್ನು ನೆನೆದರೆ, ನಾಲಗೆಯ ವಿವೇಕವೂ ಒಂದು ವಿದ್ಯೆಯೆಂಬ ಭಾವನೆ ಈ ನೆಲಕ್ಕೆ ಅಪರಿಚಿತವಲ್ಲವೆಂದು ತೋರೀತು. ಅಲ್ಲದೆ ವೈನಿನ ಗುಣಾಗುಣಗಳನ್ನು ಪರೀಕ್ಷಿಸುವುದನ್ನೇ ವೃತ್ತಿಯಾಗಿ ಉಳ್ಳವರು, ಬಾಯಿಗೆ ತೆಗೆದುಕೊಂಡ ಪ್ರತಿಯೊಂದು ಗುಟುಕನ್ನೂ ಪಕ್ಕದಲ್ಲಿರಿಸಿದ ಪಾತ್ರೆಗೆ ಉಗಿದುಬಿಡುತ್ತಾರೆ. ಅಮಲೇರಿದ ಮೂಗು ಪರೀಕ್ಷಕನಿಗೆ ನಿರುಪಯುಕ್ತ.

ಗ್ರೆನಾಶಿನ ತವರು ಸ್ಪೇನಿನ ಈಶಾನ್ಯಕ್ಕಿರುವ ಅರಗಾನ್ ಪ್ರಾಂತವೆಂದು ಬಹುಮಂದಿ ವಿದ್ವಾಂಸರ ಮತ; ಅಲ್ಲಿ ಇದನ್ನು ಗರ್ನಾಚ ಎಂದು ಕರೆಯುತ್ತಾರೆ. ಇಟಲಿಗೆ ಸೇರಿದ ಸಾರ್ಡೀನಿಯ ದ್ವೀಪದವರಾದರೋ ಇದಕ್ಕೆ ಕಾನ್ನೋನಾವ್ ಎಂಬ ಹೆಸರನ್ನಿತ್ತು, ಮೂಲಸ್ಥಾನ ತಮ್ಮದೇ ಎಂದು ಪಟ್ಟುಹಿಡಿದಿದ್ದಾರೆ. ಅರಗಾನಿನ ಅರಸರು ಹದಿನಾಲ್ಕನೆಯ ಶತಮಾನದಲ್ಲಿ ಆ ದ್ವೀಪವನ್ನು ಕೈವಶಮಾಡಿಕೊಂಡು ಆಳಿದವರಾದ್ದರಿಂದ, ಬಳ್ಳಿಯು ಯಾವ ದಡದಿಂದ ಯಾವ ದಡಕ್ಕೆ ಹಡಗೇರಿತೆಂಬ ವ್ಯಾಜ್ಯ ಇನ್ನೂ ನಡೆದೇ ಇದೆ. ಪಿರನೀಸ್ ಪರ್ವತಗಳನ್ನು ಸುತ್ತಿಕೊಂಡು ಅದು ಫ್ರಾನ್ಸಿನ ರೂಸಿಯೋಂ ಪ್ರಾಂತಕ್ಕೆ ಬಂದು, ಅಲ್ಲಿಂದ ರೋನ್ ನದಿಯ ಕೆಳಕಣಿವೆಗೆ ವ್ಯಾಪಿಸಿತು. ನನ್ನ ಮಾತೆಲ್ಲ ಮುಖ್ಯವಾಗಿ ಆ ಕಣಿವೆಯನ್ನು ಕುರಿತದ್ದು. ಏಕೆಂದರೆ ಗ್ರೆನಾಶಿನ ದೋಷಗಳೂ ಗುಣಗಳೂ ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆಯಲ್ಲಿ ಕಾಣವು.

ದ್ರಾಕ್ಷಿಯ ಬಳ್ಳಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ವಿಜಾಪುರದ ಕಡೆಯ ಚಪ್ಪರ. ಏಪ್ರಿಲಿನಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ ಚಾಟನಿ ಮಾಡಿಸಿಕೊಂಡು, ತಲೆಯ ಮೇಲೆ ಹಸುರು ಛಾವಣಿಯಾಗಿ ಹರಡಿ, ಗೊಂಚಲುಗಳನ್ನು ಕೆಳಕ್ಕೆ ಇಳಿಬಿಡುವ ಬಳ್ಳಿ. ರೋನ್ ಕಣಿವೆಯ ಹಳೆಯ ಗ್ರೆನಾಶ್ ತೋಟದಲ್ಲಿ ಚಪ್ಪರವೂ ಇಲ್ಲ, ತಂತಿಯೂ ಇಲ್ಲ. ಸೊಂಟದ ಎತ್ತರವನ್ನು ಮೀರದ, ಗಂಟುಗಂಟಾಗಿ ತಿರುಚಿಕೊಂಡ ಕಪ್ಪು ಬೊಡ್ಡೆಯೊಂದು ನೆಲದಿಂದ ಮೇಲೆದ್ದು, ನಾಲ್ಕಾರು ಗಿಡ್ಡ ತೋಳುಗಳನ್ನು ಬಟ್ಟಲಿನ ಆಕಾರದಲ್ಲಿ ಮೇಲಕ್ಕೆ ಚಾಚಿ ಒಂಟಿಯಾಗಿ ನಿಂತಿರುತ್ತದೆ. ಉತ್ತರದಿಂದ ಕಣಿವೆಯುದ್ದಕ್ಕೂ ಬೀಸುವ ಮಿಸ್ತ್ರಾಲ್ ಎಂಬ ಶುಷ್ಕ ಮಾರುತವು ಮನೆಗಳ ಹೆಂಚನ್ನು ಹಾರಿಸುವಷ್ಟು ಪ್ರಚಂಡವಾದದ್ದು. ಮೆದುಕಾಂಡದ ತಳಿಗಳನ್ನು ಗೂಟಕ್ಕೋ ತಂತಿಗೋ ಕಟ್ಟದಿದ್ದರೆ ಅದು ಮುರಿದೊಗೆದೀತು. ಗ್ರೆನಾಶಿನ ಕಾಂಡ ಗಡುಸಾಗಿ ನೆಟ್ಟಗೆ ಬೆಳೆಯುವುದರಿಂದ ಯಾರ ಆಸರೆಯನ್ನೂ ಬೇಡದೆ ನಿಲ್ಲಬಲ್ಲುದು. ಗಾಳಿಯಿಂದ ಅದಕ್ಕೊಂದು ಉಪಕಾರವೂ ಉಂಟು: ಮಳೆ ಬಿದ್ದ ಮರುದಿನವೇ ಗೊಂಚಲುಗಳನ್ನು ಒಣಗಿಸಿ, ಬೂಷ್ಟು ಹಿಡಿಯದಂತೆ ಕಾಪಾಡುವುದು ಈ ಮಿಸ್ತ್ರಾಲೇ.

ಅಲ್ಲಿಯ ನೆಲವೂ ವಿಚಿತ್ರವಾದದ್ದು. ಶಾತೋನಫ್ ದ್ಯು ಪಾಪ್ ಎಂಬ ಗ್ರಾಮದ ಪ್ರಸಿದ್ಧವಾದ ತೋಟಗಳಲ್ಲಿ ಮಣ್ಣೇ ಕಾಣದು. ಬೆಣಚುಜಾತಿಯ, ನುಣುಪಾದ, ಮುಷ್ಟಿಯಿಂದ ಮೊದಲ್ಗೊಂಡು ಮನುಷ್ಯನ ತಲೆಯ ಗಾತ್ರದವರೆಗಿನ ಉರುಟುಗಲ್ಲುಗಳು ಕಣ್ಣು ಹರಿಯುವಷ್ಟು ದೂರ ಹಾಸಿಕೊಂಡಿರುತ್ತವೆ. ಆಲ್ಪ್ಸ್ ಪರ್ವತಗಳಿಂದ ಇವನ್ನು ಉರುಳಿಸಿ ತಂದು, ತಿಕ್ಕಿ ದುಂಡಗೆ ಮಾಡಿ, ಇಲ್ಲಿ ಬಿಟ್ಟುಹೋದದ್ದು ಪುರಾತನ ರೋನ್ ನದಿ. ಹಗಲಿಡೀ ಬಿಸಿಲನ್ನು ಹೀರಿದ ಈ ಕಲ್ಲುಗಳು ರಾತ್ರಿ ಆ ಕಾವನ್ನು ಮೆಲ್ಲಗೆ ಬಿಡುತ್ತಿರುವುದರಿಂದ ಹಣ್ಣು ಇರುಳಿನಲ್ಲಿಯೂ ಮಾಗುತ್ತಲೇ ಇರುತ್ತದೆ. ಅಡಿಯಲ್ಲಿರುವ ಜೇಡಿಮಣ್ಣು ಚಳಿಗಾಲದ ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಬೇಸಗೆಯಲ್ಲಿ ಬೇರುಗಳಿಗೆ ಉಣಿಸುತ್ತದೆ. ಇಂಥ ನೆಲದಲ್ಲಿ ಉಳುಮೆ ಮಾಡಿದ ರೈತನ ನೇಗಿಲಿನ ಗತಿ ಏನಾಗಿದ್ದೀತೆಂದು ಊಹಿಸಿಕೊಳ್ಳುವ ಕೆಲಸವನ್ನು ನಿಮಗೇ ಬಿಡುತ್ತೇನೆ.

ಗ್ರೆನಾಶ್ ಬೇಗ ಚಿಗುರುತ್ತದೆ, ತಡವಾಗಿ ಮಾಗುತ್ತದೆ. ಎಂದರೆ ಬಿಸಿಲನ್ನು ಉಣ್ಣುವ ಅವಧಿ ಅದಕ್ಕೆ ಇತರ ತಳಿಗಳಿಗಿಂತ ದೀರ್ಘವಾದದ್ದು. ಹೂಬಿಡುವ ಕಾಲದಲ್ಲಿ ತಂಪುಗಾಳಿಯೋ ಮಳೆಯೋ ಬಂದರೆ ಹೂಗಳೆಲ್ಲ ಉದುರಿಹೋಗಿ ಗೊಂಚಲು ಬೋಳಾಗುವ ಸಂಕಟ ಇದಕ್ಕೆ ವಿಶೇಷವಾಗಿ ಉಂಟು. ಅದನ್ನು ದಾಟಿ ನಿಂತ ಕಾಯಿ ಮಾಗಿತೆಂದರೆ ಅದರಲ್ಲಿ ತುಂಬುವ ಸಕ್ಕರೆಗೆ ಮಿತಿಯಿಲ್ಲ. ಹುದುಗುವಾಗ ಒಂದು ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆ ಕರಗಿ ಶೇಕಡ 1ರಷ್ಟು ಮದ್ಯಸಾರವಾಗುತ್ತದೆಂದು ಲೆಕ್ಕ. ಗ್ರೆನಾಶಿನ ವೈನಿನಲ್ಲಿ ಶೇಕಡ 14ರಿಂದ 15ರಷ್ಟು ಮದ್ಯಸಾರವಿರುವುದು ಸಾಧಾರಣ. ಅಂದರೆ ಅದರ ರಸದಲ್ಲಿ ಲೀಟರಿಗೆ ಸುಮಾರು ಕಾಲು ಕಿಲೋ ಸಕ್ಕರೆ ಇದ್ದಿರಬೇಕು. ರಾಮನವಮಿಯ ಪಾನಕಕ್ಕೂ ನಮ್ಮಲ್ಲಿ ಅಷ್ಟು ಬೆಲ್ಲ ಹಾಕುವವರು ಅಪರೂಪ.

ಬಲ ಹೀಗೆ ಧಾರಾಳವಾಗಿದ್ದರೂ ಉಳಿದ ವಿಷಯಗಳಲ್ಲಿ ಪ್ರಕೃತಿ ಇದರ ಮೇಲೆ ಕೃಪಣತೆಯನ್ನೇ ತೋರಿದೆ. ಸಿಪ್ಪೆ ತೆಳುವಾದ್ದರಿಂದ ಬಣ್ಣ ಕಡಮೆ, ಒಗರು ಕಡಮೆ. ಮಾಗುತ್ತ ಮಾಗುತ್ತ ಹುಳಿಯೂ ಇಳಿದುಹೋಗುತ್ತದೆ. ಗಾಳಿ ತಾಗಿದರೆ ಬಹುಬೇಗ ಕಂದುಗಟ್ಟಿ ಮುದಿಯಾಗುತ್ತದೆ. ಆದಕಾರಣ ರೋನ್ ಕಣಿವೆಯ ಬೆಳೆಗಾರರು ಇದಕ್ಕೆ ಬಣ್ಣಕ್ಕೆಂದು ಸಿರಾ ತಳಿಯನ್ನೂ, ಒಗರಿನ ಬೆನ್ನೆಲುಬಿಗೆಂದು ಮೂರ್ವೆದ್ರ್ ತಳಿಯನ್ನೂ ಬೆರಸುವ ರೂಢಿಯನ್ನಿಟ್ಟುಕೊಂಡರು. ಶಾತೋನಫಿನ ಕಟ್ಟಳೆಯಂತೂ ಹದಿಮೂರು ತಳಿಗಳಿಗೆ ಅನುಮತಿಯನ್ನಿತ್ತಿದೆ. ಆ ಹದಿಮೂರರಲ್ಲಿ ಮನೆಯ ಯಜಮಾನ ಗ್ರೆನಾಶ್. ಉಳಿದವು ಅವನ ಕೊರತೆಗಳನ್ನು ತುಂಬಲು ಬಂದ ಬಂಧುಗಳು.

ಈ ಕಟ್ಟಳೆಯ ಕಥೆಯೂ ಸ್ವಾರಸ್ಯವಾದದ್ದು. ಪೋಪ್ ಐದನೆಯ ಕ್ಲೆಮೆಂಟನು 1309ರಲ್ಲಿ ತನ್ನ ಪೀಠವನ್ನು ರೋನ್ ದಡದ ಆವಿನ್ಯೋಂ ನಗರದಲ್ಲಿ ನೆಲೆಗೊಳಿಸಿದನು. ಅವನ ತರುವಾಯ ಬಂದ ಇಪ್ಪತ್ತೆರಡನೆಯ ಜಾನನು ಹತ್ತಿರದ ಗುಡ್ಡದ ಮೇಲೆ ಬೇಸಗೆಯ ವಾಸಕ್ಕೆಂದು ಕೋಟೆಮನೆಯನ್ನು ಕಟ್ಟಿಸಿದನು. ಗ್ರಾಮಕ್ಕೆ ಪೋಪನ ಹೆಸರು ಅಂಟಿದ್ದು ಇದರಿಂದಲೇ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಎಲ್ಲೆಲ್ಲಿಯದೋ ವೈನಿಗೆ ಈ ಗ್ರಾಮದ ಹೆಸರಿನ ಚೀಟಿ ಅಂಟಿಸಿ ಮಾರುವ ಮೋಸ ಹೆಚ್ಚಲಾಗಿ, ಶಾತೋ ಫೋರ್ಷಿಯಾ ಎಂಬ ತೋಟದ ಒಡೆಯನೂ ನ್ಯಾಯಶಾಸ್ತ್ರವನ್ನು ಓದಿದವನೂ ಆದ ಬ್ಯಾರನ್ ಲ ರ್ವಾ ಎಂಬಾತನು 1923ರಲ್ಲಿ ಬೆಳೆಗಾರರನ್ನು ಕೂಡಿಸಿ ನಿಯಮಗಳನ್ನು ಬರೆದನು. ಕಾಡುಲ್ಯಾವೆಂಡರ್ ಮತ್ತು ಥೈಮ್ ಎಂಬ ಎರಡು ಕುರುಚಲು ಗಿಡಗಳು ಜೊತೆಯಾಗಿ ಬೆಳೆಯುವಂಥ ಬಡನೆಲದಲ್ಲಿ ಮಾತ್ರ ಬಳ್ಳಿ ನೆಡತಕ್ಕದ್ದು ಎಂಬುದು ಅವನ ಒಂದು ಷರತ್ತು. ಈ ಬಗೆಯ ನಿಯಮಗಳೇ ಬೆಳೆದು 1936ರಲ್ಲಿ ಸರಕಾರದ ಮುದ್ರೆಯನ್ನು ಪಡೆದುವು. ಕೊಯ್ಲು ಕೈಯಿಂದಲೇ ಆಗತಕ್ಕದ್ದು, ಇಳುವರಿ ಹೆಕ್ಟೇರಿಗೆ 35 ಹೆಕ್ಟೋಲೀಟರನ್ನು ಮೀರತಕ್ಕದ್ದಲ್ಲ ಎಂಬುವು ಅಲ್ಲಿಯ ಇಂದಿನ ಕಟ್ಟಳೆಗಳು. ಇಡಿಯ ಫ್ರಾನ್ಸಿನ ಪ್ರಾದೇಶಿಕ ಹೆಸರಿನ ಕಾನೂನಿಗೆ ಈ ಸಣ್ಣ ಗ್ರಾಮದ ಹಟವೇ ಮೇಲ್ಪಂಕ್ತಿಯಾಯಿತೆಂದರೆ ಅತ್ಯುಕ್ತಿಯಲ್ಲ. ಕಾನೂನಿನ ಮೇಲೆ ಆ ಊರಿನವರಿಗೆ ಎಷ್ಟು ವಿಶ್ವಾಸವೆಂಬುದಕ್ಕೆ ಇನ್ನೊಂದು ದೃಷ್ಟಾಂತ: ಹಾರುವ ತಟ್ಟೆಗಳ ವದಂತಿ ಯೂರೋಪನ್ನೆಲ್ಲ ಆವರಿಸಿದ್ದ 1954ರಲ್ಲಿ, ಅಂಥ ಯಾವ ಆಕಾಶಯಾನವೂ ಈ ಗ್ರಾಮದ ಎಲ್ಲೆಯೊಳಗೆ ಇಳಿಯಕೂಡದೆಂದೂ, ಇಳಿದರೆ ಜಪ್ತಿ ಮಾಡಲಾಗುವುದೆಂದೂ ಅಲ್ಲಿಯ ಪುರಾಧ್ಯಕ್ಷನು ವಿಧಿವತ್ತಾಗಿ ಆಜ್ಞೆ ಹೊರಡಿಸಿದನು. ಆಜ್ಞೆಯನ್ನು ಮೀರಿದ ದಾಖಲೆ ಇಲ್ಲ.

ಇನ್ನು ಬಟ್ಟಲಿಗೆ ಬರೋಣ. ಹೊಟ್ಟೆ ಅಗಲವಾಗಿಯೂ ಬಾಯಿ ತುಸು ಕಿರಿದಾಗಿಯೂ ಇರುವ ಗಾಜಿನ ಗ್ಲಾಸಿಗೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚಾಗದಂತೆ ವೈನನ್ನು ಬಗ್ಗಿಸಿ, ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ನೋಡಬೇಕು. ಕೆಬರ್ನೆ ವೈನಿನಲ್ಲಿ ಕಾಣುವ ಮಸಿಗೆಂಪು ಇಲ್ಲಿರದು. ಗ್ಲಾಸಿನಾಚೆಗಿನ ಬೆರಳು ಕಾಣುವಷ್ಟು ತಿಳಿಯಾದ, ಮಾಣಿಕ್ಯದ ಕೆಂಪು. ಅಂಚಿನಲ್ಲಿ, ದ್ರವ ತೆಳುವಾಗಿ ಗಾಜನ್ನು ಮುಟ್ಟುವ ಕಡೆಯಲ್ಲಿ, ಕೆಲವೇ ವರ್ಷಗಳ ವೈನಿನಲ್ಲಿಯೂ ಇಟ್ಟಿಗೆಯ ಇಲ್ಲವೆ ಕಿತ್ತಳೆಯ ಛಾಯೆ ಕಾಣಿಸಿಕೊಳ್ಳುವುದು. ಹೊಸಬರು ಇದನ್ನು ಕಂಡು, ನೀರು ಬೆರಸಿದ್ದಾರೆಯೆ ಎಂದು ಶಂಕಿಸುತ್ತಾರೆ.

ಕಣ್ಣು ನಾಲಗೆಗೆ ಲಂಚ ಕೊಡುವ ಬಗೆಯನ್ನು ಬೋರ್ಡೋ ನಗರದ ವಿಜ್ಞಾನಿಗಳು ಒಮ್ಮೆ ಚೆನ್ನಾಗಿ ಬಯಲಿಗೆಳೆದರು. ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬಿಳಿಯ ವೈನಿಗೆ ಕೂಡಿಸಿ, ವೈನ್‌ಶಾಸ್ತ್ರವನ್ನು ಅಭ್ಯಾಸಮಾಡುತ್ತಿದ್ದ 54 ಮಂದಿಯ ಮುಂದೆ ಇಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ವರ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿ ನಕ್ಕವರು ಬಹಳ. ಆದರೆ ಗ್ರೆನಾಶಿಗೆ ಇಷ್ಟು ಕಾಲವೂ ಆದ ಅನ್ಯಾಯದ ಮೂಲ ಇದರಲ್ಲಿಯೇ ಇದೆ. ತಿಳಿಬಣ್ಣವನ್ನು ಕಂಡ ಕಣ್ಣು, ರುಚಿಯೂ ತೆಳುವಾಗಿರಬೇಕೆಂದು ಮೂಗಿಗೂ ನಾಲಗೆಗೂ ಮೊದಲೇ ಹೇಳಿಟ್ಟಿರುತ್ತದೆ. ಬಣ್ಣದ ಗಾಢತೆಯನ್ನು ಗುಣದ ಗಾಢತೆಯೆಂದು ಎಣಿಸುವ ಅಭ್ಯಾಸವನ್ನು ತೊರೆದವರಿಗೆ ಮಾತ್ರ ಈ ವೈನು ಬಾಯಿಬಿಡುತ್ತದೆ.

ಗ್ಲಾಸನ್ನು ಅಲುಗಿಸದೆ ಮೊದಲು ಒಮ್ಮೆ ಮೂಸಿ, ಅನಂತರ ಬುಡವನ್ನು ಮೇಜಿನ ಮೇಲೆಯೇ ಇರಿಸಿ ಎರಡು ಸುತ್ತು ತಿರುಗಿಸಿ ಮತ್ತೆ ಮೂಸುವುದು ವಾಡಿಕೆ. ಮೊದಲ ಸಲಕ್ಕೆ ಒದಗುವುದು ಹಣ್ಣು. ಸ್ಟ್ರಾಬೆರಿಯ, ರಾಸ್ಪ್‌ಬೆರಿಯ, ಅದರಲ್ಲಿಯೂ ಹಸಿಯ ಹಣ್ಣಿಗಿಂತ ಪಾಕಕ್ಕೆ ಬಂದ ಹಣ್ಣಿನ ಮೃದುವಾದ ಪರಿಮಳ. ಎರಡನೆಯ ಸಲಕ್ಕೆ ಬಿಳಿಯ ಮೆಣಸು, ಸೋಂಪು, ಜ್ಯೇಷ್ಠಮಧು, ಒಣಗಿಸಿದ ಕಿತ್ತಳೆಯ ಸಿಪ್ಪೆ. ಇವುಗಳ ಹಿಂದೆ, ತಾಳ್ಮೆಯಿದ್ದವರಿಗೆ, ಬಿಸಿಲಿನಲ್ಲಿ ಕಾದ ಕುರುಚಲು ಕಾಡಿನ ವಾಸನೆ: ಬ್ಯಾರನ್ ಲ ರ್ವಾ ತನ್ನ ಷರತ್ತಿನಲ್ಲಿ ಹೆಸರಿಸಿದ ಆ ಥೈಮ್, ಆ ಲ್ಯಾವೆಂಡರ್, ಅವುಗಳ ಜೊತೆಗೆ ರೋಸ್‌ಮೇರಿ. ಫ್ರೆಂಚರು ಈ ಗಂಧಸಮೂಹವನ್ನು ಗಾರಿಗ್ ಎಂದು ಕರೆಯುವರು. ನೆಲದ ಮೇಲಿನ ಗಿಡದ ಗಂಧವು ಪಕ್ಕದ ದ್ರಾಕ್ಷಿಯೊಳಗೆ ಇಳಿಯುವುದೆಂದು ಹೇಳುವವರಿದ್ದಾರೆ. ಅದು ಹೌದೋ ಅಲ್ಲವೋ, ಮೂಗಿಗೆ ಮಾತ್ರ ಸುಳ್ಳೆನಿಸುವುದಿಲ್ಲ.

ಇಲ್ಲಿ ಕನ್ನಡಿಗರಿಗೊಂದು ತೊಡಕು ಉಂಟು. ರಾಸ್ಪ್‌ಬೆರಿಯನ್ನು ತಿನ್ನದೆ ಬೆಳೆದವನು ಅದರ ಪರಿಮಳವನ್ನು ವೈನಿನಲ್ಲಿ ಗುರುತಿಸುವುದೆಂತು? ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ ಎಂಬ ವಿದುಷಿ 1984ರಲ್ಲಿ ಪ್ರಕಟಿಸಿದ ಪರಿಮಳಚಕ್ರದಲ್ಲಿ, ವೈನನ್ನು ಉದಾತ್ತ, ಗಂಭೀರ ಎಂಬ ಸ್ತುತಿಪದಗಳಿಂದ ವರ್ಣಿಸುವುದನ್ನು ಬಿಟ್ಟು, ಕೈಗೆ ಸಿಕ್ಕುವ ವಸ್ತುಗಳ ಹೆಸರಿನಿಂದಲೇ ವರ್ಣಿಸಬೇಕೆಂಬ ತತ್ವವನ್ನು ಪ್ರತಿಪಾದಿಸಿದಳು. ಆ ತತ್ವವನ್ನು ಒಪ್ಪಿ, ಆಕೆಯ ಅಡಿಗೆಮನೆಯ ಹಣ್ಣುಗಳನ್ನು ಪಕ್ಕಕ್ಕಿಟ್ಟು, ನಮ್ಮ ಅಡಿಗೆಮನೆಯ ಡಬ್ಬಿಗಳನ್ನು ತೆರೆಯುವುದು ಯುಕ್ತ. ಕೋಲಾರದ ಕಡೆ ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುತ್ತ ಹಿಪ್ಪುನೇರಳೆಯ ಹಣ್ಣನ್ನು ಬಾಯಿಗೆ ಹಾಕಿಕೊಂಡವನಿಗೆ ಗ್ರೆನಾಶಿನ ಹಣ್ಣಿನ ಗುಣ ಅರ್ಧ ತಿಳಿದಂತೆಯೆ. ಕಷಾಯಕ್ಕೆ ಜ್ಯೇಷ್ಠಮಧು ಕುಟ್ಟಿದ ಅಜ್ಜಿಗೆ ಇನ್ನರ್ಧವೂ ತಿಳಿಯುತ್ತದೆ. ಪುಸ್ತಕದಲ್ಲಿ ಬರೆದಿರುವುದನ್ನು ಗ್ಲಾಸಿನಲ್ಲಿ ಹುಡುಕುವವರು ಹುಡುಕಿದ್ದನ್ನೇ ಕಾಣುತ್ತಾರೆ. ಅದರಿಂದ ಯಾರಿಗೂ ಲಾಭವಿಲ್ಲ.

ಈಗ ಒಂದು ಸಣ್ಣ ಗುಟುಕು. ಅದನ್ನು ಕೂಡಲೆ ನುಂಗದೆ ನಾಲಗೆಯ ಸುತ್ತ ಹೊರಳಿಸಿ, ತುಟಿಗಳ ನಡುವೆ ತುಸು ಗಾಳಿಯನ್ನು ಒಳಕ್ಕೆಳೆಯಬೇಕು. ಸದ್ದಾಗುವುದೆಂದು ಸಂಕೋಚಪಡಬೇಕಾದುದಿಲ್ಲ, ಬಿಸಿ ಸಾರನ್ನು ಸೊರ್ರೆಂದು ಹೀರುವ ನಾಡಿನವರಾದ ನಮಗೆ ಈ ವಿದ್ಯೆ ಹುಟ್ಟಿನಿಂದ ಬಂದದ್ದು. ಮೊದಲು ತೋರುವುದು ಸಿಹಿ. ಸಕ್ಕರೆಯೆಲ್ಲ ಹುದುಗಿ ಮುಗಿದಿರುವುದರಿಂದ ಈ ಸಿಹಿ ಬಹುಮಟ್ಟಿಗೆ ಭ್ರಾಂತಿ. ಮದ್ಯಸಾರದ ಸ್ನಿಗ್ಧತೆಯೂ ಮಾಗಿದ ಹಣ್ಣಿನ ಗಂಧವೂ ಸೇರಿ ನಾಲಗೆಯನ್ನು ಹಾಗೆ ನಂಬಿಸುತ್ತವೆ. ಹಿಂದೆಯೇ ಮೆತ್ತಗಿನ ಹುಳಿ. ಕೆನ್ನೆಯ ಒಳಬದಿಯಲ್ಲಿ ಎಳೆಯ ನೆಲ್ಲಿಕಾಯಿಯಷ್ಟು ತೀಕ್ಷ್ಣವಲ್ಲದ, ನಯವಾದ ಒಗರು. ಕೆಬರ್ನೆ ವೈನಿನ ಒಗರು ಬಾಯನ್ನು ಹಿಡಿದು ನಿಲ್ಲಿಸುವಂಥದು. ಇದರದು ಸವರಿಕೊಂಡು ಹೋಗುವಂಥದು.

ಆಮೇಲೆ ಬರುವುದು ಕಾವು. ಗ್ರೆನಾಶಿನ ಪರೀಕ್ಷೆ ನಡೆಯುವುದು ಇಲ್ಲಿಯೇ, ಮತ್ತು ನನ್ನ ಮಟ್ಟಿಗೆ ಉಳಿದದ್ದೆಲ್ಲ ಇದಕ್ಕೆ ಪೀಠಿಕೆ. ನುಂಗಿದ ಅಥವಾ ಉಗಿದ ಮರುಕ್ಷಣದಲ್ಲಿ ಗಂಟಲಿನಲ್ಲಿ ಬ್ರಾಂದಿಯ ಉರಿ ಎದ್ದು, ಹಣ್ಣಿನ ನೆನಪು ಆ ಉರಿಯಲ್ಲಿ ಸುಟ್ಟುಹೋಯಿತಾದರೆ, ಆ ವೈನಿನ ಬೆಲೆ ಎಷ್ಟಾದರೂ ಇರಲಿ, ಅದು ತನ್ನ ಬಲವನ್ನು ತಾನೇ ಹೊರಲಾರದ ವೈನು. ಕಾವು ಎದೆಯವರೆಗೆ ಮೆಲ್ಲಗೆ ಹರಡಿ, ಅದರ ಜೊತೆಜೊತೆಯಲ್ಲಿಯೇ ಕಿತ್ತಳೆಯ ಸಿಪ್ಪೆ, ಮೆಣಸುಗಳ ಗಂಧವೂ ಮೇಲೆದ್ದು, ಎರಡೂ ಒಟ್ಟಿಗೆ ನಿಂತು ಒಟ್ಟಿಗೆ ಇಳಿದರೆ, ಆಗ ಬೆಳೆಗಾರನಿಗೂ ಬಳ್ಳಿಗೂ ಮನಸ್ಸಿನಲ್ಲಿಯೇ ಕೈಮುಗಿಯಬಹುದು. ಶೇಕಡ 15ರ ಮದ್ಯಸಾರವನ್ನು ಒಳಗಿಟ್ಟುಕೊಂಡೂ ಅದರ ಸುಳಿವನ್ನು ಕೊಡದಿರುವುದು ಗ್ರೆನಾಶಿನ ಪರಮ ಗುಣ. ಬಲವನ್ನು ತೋರುವುದು ಅದಕ್ಕೆ ಸಹಜ, ಮರೆಸುವುದು ಸಾಧನೆ.

ಈ ಸಾಧನೆ ಮುಖ್ಯವಾಗಿ ಹಳೆಯ ಬಳ್ಳಿಗಳಿಂದ ಬರುತ್ತದೆ. ಫಲವತ್ತಾದ ನೆಲದಲ್ಲಿ ನೀರುಣಿಸಿ ಬೆಳೆಸಿದರೆ ಗ್ರೆನಾಶ್ ಹೊರಲಾರದಷ್ಟು ಗೊಂಚಲು ಬಿಡುತ್ತದೆ. ಆದರೆ ಅಂಥ ವೈನಿನಲ್ಲಿ ಮದ್ಯಸಾರವೊಂದನ್ನುಳಿದು ಮತ್ತೇನೂ ಇರದು. ಬೇರು ಆಳಕ್ಕೆ ಇಳಿದ, ನಾಲ್ಕಾರು ಗೊಂಚಲಿಗಿಂತ ಹೆಚ್ಚು ಹೊರದ ಮುದಿಬಳ್ಳಿಯಲ್ಲಿ ರಸವು ಗಾಢವಾಗಿ, ಗಂಧವು ಬಲಕ್ಕೆ ಸಮನಾಗಿ ನಿಲ್ಲುತ್ತದೆ. ಶಾತೋನಫಿನ ರಾಯಾಸ್ ಎಂಬ ತೋಟವನ್ನು ಇದಕ್ಕೆ ನಿದರ್ಶನವಾಗಿ ಎಲ್ಲರೂ ಹೇಳುತ್ತಾರೆ. ಅಲ್ಲಿ ಪ್ರಸಿದ್ಧವಾದ ಆ ಉರುಟುಗಲ್ಲುಗಳಿಲ್ಲ. ಮರಗಳ ನೆರಳು ಸುತ್ತುವರಿದ ತಂಪಾದ ಮರಳುನೆಲ. ಸಿರಾ, ಮೂರ್ವೆದ್ರ್‌ಗಳ ಸಹಾಯವನ್ನು ಬೇಡದೆ ಬರಿಯ ಗ್ರೆನಾಶಿನಿಂದಲೇ ರೇನೋ ಮನೆತನದವರು ತಲೆಮಾರುಗಳಿಂದ ಮಾಡುತ್ತ ಬಂದ ಆ ವೈನಿನ ಬಣ್ಣ, ನೋಡಿದವರು ನಿರಾಶರಾಗುವಷ್ಟು ತಿಳಿ. ಬೆಲೆಯಾದರೋ ಕೇಳಿದವರು ನಿರಾಶರಾಗುವಷ್ಟು ಹೆಚ್ಚು.

ವೈನನ್ನು ಇಡುವ ಪಾತ್ರೆಯ ವಿಷಯದಲ್ಲಿಯೂ ಗ್ರೆನಾಶಿಗೆ ಅದರದೇ ಛಲ. ಹೊಸ ಓಕ್ ಮರದ ಸಣ್ಣ ಪೀಪಾಯಿಯಲ್ಲಿ ಗಾಳಿಯ ಸಂಪರ್ಕ ಹೆಚ್ಚಾಗಿ ಇದು ಬೇಗ ಮುದಿಯಾಗುವುದಲ್ಲದೆ, ಮರದ ವೆನಿಲಾ ವಾಸನೆ ಇದರ ಸೂಕ್ಷ್ಮವಾದ ಗಂಧಗಳ ಮೇಲೆ ಸವಾರಿ ಮಾಡಿಬಿಡುತ್ತದೆ. ಹಳೆಯ ದೊಡ್ಡ ಪೀಪಾಯಿ, ಇಲ್ಲವೆ ಸಿಮೆಂಟಿನ ತೊಟ್ಟಿ, ಇವೇ ಇದಕ್ಕೆ ಸಲ್ಲುವ ಮನೆ. ವೆನಿಲಾ ವಾಸನೆ ಹೊಡೆಯುವ ಗ್ರೆನಾಶನ್ನು ನಾನು ಎರಡನೆಯ ಸಲ ಕೇಳಿ ಪಡೆಯಲಾರೆ.

ಸ್ಪೇನಿನ ಪ್ರಿಯೋರಾತ್ ಬೆಟ್ಟಸೀಮೆಯಲ್ಲಿ ಇದೇ ತಳಿ ಬೇರೆಯೇ ಮುಖವನ್ನು ತಳೆಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಾರ್ಥೂಸಿಯನ್ ಸಂನ್ಯಾಸಿಗಳು ಸ್ಕಾಲಾ ದೇಯಿ ಮಠವನ್ನು ಸ್ಥಾಪಿಸಿ ಬಳ್ಳಿ ನೆಟ್ಟ ಆ ಕಡಿದಾದ ಇಳಿಜಾರುಗಳು, ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಾಕ್ಸೆರ ಎಂಬ ಬೇರುಹೇನು ಯೂರೋಪಿನ ದ್ರಾಕ್ಷಿಯನ್ನೆಲ್ಲ ನುಂಗಿದ ಮೇಲೆ ಬಹುಮಟ್ಟಿಗೆ ಪಾಳುಬಿದ್ದುವು. ರೆನೆ ಬಾರ್ಬಿಯೇ, ಆಲ್ವಾರೋ ಪಲಾಸಿಯೋಸ್ ಮೊದಲಾದ ಕೆಲವರು ಅಲ್ಲಿ ಉಳಿದಿದ್ದ ಮುದಿಬಳ್ಳಿಗಳನ್ನು ಹುಡುಕಿ 1989ರಲ್ಲಿ ಹೊಸದಾಗಿ ವೈನು ಮಾಡತೊಡಗಿದಾಗ ಲೋಕ ಅತ್ತ ತಿರುಗಿ ನೋಡಿತು. ಯಿಕೊರೆಲ್ಯ ಎಂದು ಕರೆಯುವ ಅಲ್ಲಿಯ ಕರಿಯ ಹಲಗೆಗಲ್ಲಿನ ಬಿರುಕುಗಳಲ್ಲಿ ಬೇರಿಳಿಸಿದ ಗ್ರೆನಾಶ್ ಕಪ್ಪಾಗಿ, ದಪ್ಪವಾಗಿ, ಕಲ್ಲಿನ ಗಾಂಭೀರ್ಯದಿಂದ ಬರುತ್ತದೆ. ರೋನ್ ಕಣಿವೆಯ ಲಾಲಿತ್ಯ ಅದಕ್ಕಿಲ್ಲ. ದಕ್ಷಿಣ ಆಸ್ಟ್ರೇಲಿಯದ ಬರೋಸ ಕಣಿವೆಯಲ್ಲಿ ಆ ಬೇರುಹೇನು ಕಾಲಿಡದಿದ್ದುದರಿಂದ 1848ರಷ್ಟು ಹಿಂದೆ ನೆಟ್ಟ ಗ್ರೆನಾಶ್ ಇಂದಿಗೂ ಸ್ವಂತ ಬೇರಿನ ಮೇಲೆ ನಿಂತು ಫಲ ಕೊಡುತ್ತಿದೆ. ಆದರೆ ವೈನಿನ ಬೆಲೆ ಕುಸಿದಿದ್ದ 1980ರ ದಶಕದಲ್ಲಿ ಬಳ್ಳಿ ಕಿತ್ತವರಿಗೆ ಹಣ ಕೊಡುವ ಯೋಜನೆಯೊಂದನ್ನು ಅಲ್ಲಿಯ ಸರಕಾರ ಜಾರಿಗೆ ತಂದುದರಿಂದ, ನೂರು ವರ್ಷ ದಾಟಿದ ಎಷ್ಟೋ ಬೊಡ್ಡೆಗಳು ಸೌದೆಯಾದುವು. ಮುದಿಬಳ್ಳಿಯನ್ನು ಬೆಳೆಸಲು ಕಾಲವೊಂದೇ ಬಂಡವಾಳವೆಂಬುದು ಲೆಕ್ಕಪತ್ರದವರಿಗೆ ಹೊಳೆಯಲಿಲ್ಲ.

ಗಾಳಿ ತಾಗಿದರೆ ಬೇಗ ಮುದಿಯಾಗುವ ದೋಷವನ್ನೇ ಸಂಪತ್ತಾಗಿ ಮಾಡಿಕೊಂಡವರು ರೂಸಿಯೋಂ ಪ್ರಾಂತದ ಬಾನ್ಯುಲ್ಸ್ ಮತ್ತು ಮೋರಿ ಗ್ರಾಮಗಳವರು. ಹುದುಗು ಅರ್ಧದಲ್ಲಿರುವಾಗಲೇ ದ್ರಾಕ್ಷಿಯ ಸಾರಾಯಿಯನ್ನು ಸುರಿದರೆ ಹುದುಗಿಸುವ ಯೀಸ್ಟ್ ಸತ್ತು, ಸಕ್ಕರೆಯ ಉಳಿದ ಭಾಗ ವೈನಿನಲ್ಲಿಯೇ ನಿಂತುಬಿಡುತ್ತದೆ. ಮೋಂಪೆಲಿಯೇ ನಗರದ ವೈದ್ಯಶಾಲೆಯ ಆಚಾರ್ಯನಾಗಿದ್ದ ಆರ್ನೋ ದ ವಿಲ್ನವ್ 1285ರ ಸುಮಾರಿಗೆ ಈ ಉಪಾಯವನ್ನು ಕಂಡುಹಿಡಿದನೆಂದು ಪ್ರತೀತಿ. ಹೀಗೆ ಸಿಹಿಯಾಗಿ ಉಳಿದ ವೈನನ್ನು ಹೊಟ್ಟೆ ದಪ್ಪನೆಯ ಗಾಜಿನ ಜಾಡಿಗಳಲ್ಲಿ ತುಂಬಿ, ಬಯಲಿನಲ್ಲಿ ಸಾಲಾಗಿ ಇರಿಸಿ, ಒಂದು ವರ್ಷ ಹಗಲಿನ ಬಿಸಿಲಿಗೂ ಇರುಳಿನ ಚಳಿಗೂ ಒಡ್ಡುತ್ತಾರೆ. ಸಾಮಾನ್ಯ ವೈನನ್ನು ಹಾಗಿಟ್ಟರೆ ಅದು ಹಾಳು. ಗ್ರೆನಾಶಾದರೋ ಕೆಂಪಿನಿಂದ ಇಟ್ಟಿಗೆಯ ಬಣ್ಣಕ್ಕೆ, ಅಲ್ಲಿಂದ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗುತ್ತ, ಒಣ ಅಂಜೂರ, ಅಕ್ರೋಟು, ಹುರಿದ ಕಾಫಿಬೀಜಗಳ ಪರಿಮಳವನ್ನು ಗಳಿಸಿಕೊಳ್ಳುತ್ತದೆ. ಚಾಕೊಲೇಟಿಗೆ ಜೊತೆಯಾಗಿ ನಿಲ್ಲಬಲ್ಲ ವೈನುಗಳು ಬಹಳ ಇಲ್ಲ, ಇದು ನಿಲ್ಲುತ್ತದೆ.

ಈ ವೈನುಗಳನ್ನು ನಮ್ಮ ಊರುಗಳಲ್ಲಿ ಸವಿಯಬೇಕೆನ್ನುವವರಿಗೆ ಕೊನೆಯದಾಗಿ ಎರಡು ಮಾತು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂಬ ಸೂತ್ರ ಹುಟ್ಟಿದ್ದು ಫ್ರಾನ್ಸಿನ ಹಳೆಯ ಕಲ್ಲುಮನೆಗಳ ತಣ್ಣನೆಯ ಕೋಣೆಗಳಲ್ಲಿ. ರಾಯಚೂರಿನ ಕೋಣೆಗೆ ಅದು ಅನ್ವಯಿಸದು. ಗ್ರೆನಾಶಿಗೆ 16 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಸರಿಯಾದ ಹದ. ಅದಕ್ಕಿಂತ ಬೆಚ್ಚಗಾದರೆ ಮದ್ಯಸಾರವೇ ಮುಂದೆ ಬಂದು ಮೂಗಿಗೆ ಹೊಡೆಯುತ್ತದೆ. ಆದುದರಿಂದ ಬಿರಡೆ ತೆಗೆಯುವ ಮುನ್ನ ಸೀಸೆಯನ್ನು ತಕ್ಕಷ್ಟು ಹೊತ್ತು ಫ್ರಿಜ್ಜಿನಲ್ಲಿರಿಸಿ. ಖಾರದ ಊಟಕ್ಕೆ ಇದನ್ನು ಜೊತೆಗೂಡಿಸಬೇಡಿ; ಮೆಣಸಿನಕಾಯಿಯ ಉರಿಯೂ ಮದ್ಯಸಾರದ ಉರಿಯೂ ಒಂದನ್ನೊಂದು ಎತ್ತಿಕಟ್ಟುತ್ತವೆ. ಖಾರ ತಗ್ಗಿಸಿ, ಎಳ್ಳು ಕಡಲೆಕಾಯಿಗಳನ್ನು ಧಾರಾಳವಾಗಿ ಹಾಕಿ ಮಾಡಿದ ಬದನೆಯ ಎಣ್ಣೆಗಾಯಿಯೊಡನೆ ಇದು ಸೊಗಸಾಗಿ ಹೊಂದುತ್ತದೆ. ಮಾಂಸಾಹಾರಿಗಳಿಗೆ ಬೇಯಿಸಿದ ಕುರಿಮಾಂಸ ಉಂಟು.

ಕೊಳ್ಳುವಾಗ ಪೋಪನ ಕಿರೀಟ ಮತ್ತು ಬೀಗದ ಕೈಗಳ ಉಬ್ಬುಮುದ್ರೆಯುಳ್ಳ ಶಾತೋನಫಿನ ಭಾರವಾದ ಸೀಸೆಗೆ ಮರುಳಾಗಿ ಮೊದಲೇ ಕೈಯನ್ನು ಸುಟ್ಟುಕೊಳ್ಳಬೇಕಾದುದಿಲ್ಲ. ಪಕ್ಕದ ಜಿಗೋಂದಾಸ್, ವಾಕೇರಾಸ್ ಗ್ರಾಮಗಳ ವೈನು, ಕೋತ್ ದ್ಯು ರೋನ್ ಎಂಬ ಸಾಮಾನ್ಯ ಹೆಸರಿನ ಒಳ್ಳೆಯ ವೈನು, ಅಥವಾ ಸ್ಪೇನಿನ ಕಾಂಪೋ ದೆ ಬೋರ್ಖಾದ ಗರ್ನಾಚ, ಇವುಗಳಲ್ಲಿ ಯಾವುದಾದರೂ ಒಂದರಿಂದ ಆರಂಭಿಸಬಹುದು. ಕಲಿಯುವ ನಾಲಗೆಗೆ ಇವು ದೊಡ್ಡ ಹೆಸರಿನ ಸೀಸೆಗಿಂತ ಒಳ್ಳೆಯ ಗುರುಗಳೆಂಬುದು ನನ್ನ ಅಭಿಪ್ರಾಯ. ಅಂಗಡಿಯ ಕಿಟಕಿಯ ಬಿಸಿಲಿನಲ್ಲಿ ನಿಲ್ಲಿಸಿದ ಸೀಸೆಯನ್ನು ಅರ್ಧಬೆಲೆಗೆ ಕೊಟ್ಟರೂ ಮುಟ್ಟಬೇಡಿ, ಏಕೆಂದರೆ ಬಿಸಿಲಿಗೆ ಮೊದಲು ಕೆಡುವ ಕೆಂಪು ವೈನುಗಳಲ್ಲಿ ಇದೂ ಒಂದು. ಎಷ್ಟು ವರ್ಷದ ಹಿಂದಿನದೆಂದು ಚೀಟಿಯನ್ನು ನೋಡಿ, ಸಾಧಾರಣವಾದ ವೈನಾದರೆ ನಾಲ್ಕೈದು ವರ್ಷಗಳೊಳಗಿನದನ್ನೇ ಆರಿಸಿಕೊಳ್ಳಿ. ಒಮ್ಮೆ ತೆರೆದ ಸೀಸೆಯನ್ನು ಮರುದಿನದಾಚೆಗೆ ಇಡಬೇಡಿ; ಒಬ್ಬರೇ ಮುಗಿಸುವ ಸಾಹಸವನ್ನೂ ಮಾಡದೆ, ನಾಲ್ವರು ಸ್ನೇಹಿತರನ್ನು ಕರೆದು ಹಂಚಿಕೊಳ್ಳಿ.